ಹಳೇ ಸ್ಕ್ರೂ ಮಾತು ಕೇಳಿ ಕೊಂಡ ಕಂಪ್ಯೂಟರ್

ಫೆಬ್ರವರಿ ೯

ರೀ,

ಹೇಗಿದ್ದೀರಿ? ನಿಮ್ಮ ಹಡಗು ಈಗ ಯಾವ ನೀರಿನಲ್ಲಿದೆಯೋ, ಈ ಕಾಗದ ಕೈಗೆ ಸೇರುವಾಗ ಅಲ್ಲಿ ಬೆಳಗೋ ಬೈಗೋ, ನನಗೇನೂ ಗೊತ್ತಿಲ್ಲ. ನಾನೂ ಮಗಳೂ ಚೆನ್ನಾಗಿದ್ದೀವಿ. ಬರೆಯೋದು ತಡವಾಯಿತು, ಬೈಕೋಬೇಡಿ. ಫ್ಯಾಕ್ಟರಿಯಿಂದ ಹೋಗಿದ್ದ ಶರ್ಟುಗಳೆಲ್ಲ ಕಾಲರ್ ಹೊಲಿಗೆ ಸರಿಯಿಲ್ಲ ಅಂತ ವಾಪಸ್ ಬಂದಿದ್ದವು. ನಮ್ಮ ಚೆಕಿಂಗ್ ವಿಭಾಗದವರೆಲ್ಲ ಕೂತು ಅಷ್ಟನ್ನೂ ಮತ್ತೆ ತಿರುವಿ ನೋಡಬೇಕಾಯಿತು. ಮನೆಗೆ ಬಂದು ಕಣ್ಣು ಮುಚ್ಚಿದರೂ ಕಾಲರ್ರೇ ಕಾಣಿಸ್ತಿತ್ತು. ನಿಮ್ಮ ಕಾಗದ ಬಂತು. ಹಡಗಿಗೆ ಪ್ರಿಂಟರ್ ಬಂದಿದೆ ಅಂತ ಈಚೆಗೆ ಟೈಪ್ ಮಾಡಿ ಕಳಿಸ್ತೀರಲ್ಲ, ಓದೋಕೇನೋ ಸುಲಭ. ಆದರೆ ನಿಮ್ಮ ಆ ಮಲಗಿದ ಹಾಗಿರೋ ಅಕ್ಷರ ನೋಡದೆ ಕಾಗದ ಬಂದ ಹಾಗೇ ಅನ್ನಿಸಲ್ಲ.

ಈಗ ವಿಷಯಕ್ಕೆ ಬರ್ತೀನಿ. ನಗಬೇಡಿ. ನನಗೆ ಒಬ್ಬನ ಮೇಲೆ ಅನುಮಾನ.

ನಕ್ಕಿರಿ, ಗೊತ್ತು. ತನ್ನ ನೆರಳನ್ನೇ ತಡೆದು ನಿಲ್ಲಿಸಿ ಎಲ್ಲಿಗೆ ಹೊರಟೆ ಅಂತ ಕೇಳೋಳು ಅಂತ ನನ್ನನ್ನು ಆಡಿಕೊಳ್ಳೋದು ನೀವೇ ತಾನೆ? ಹಾಲಿನವನು ನೀರು ಬೆರೆಸ್ತಾನೆ ಅಂದಾಗಲೂ ನಕ್ಕಿದ್ರಿ. ಆಮೇಲೆ ಯಾರ ಮಾತು ನಿಜವಾಯಿತು? ನನ್ನ ಕೆಲಸವೇ ತಪ್ಪು ಹುಡುಕೋದು. ಅದಕ್ಕೇ ಸಂಬಳ ಕೊಡ್ತಾರೆ. ಇಷ್ಟಾದರೂ ನಿಮ್ಮ ಜೇಬಿಗೆ ಒಂದು ದಿನ ಕೈ ಹಾಕಿದವಳಲ್ಲ, ಅದನ್ನೂ ನೆನಪಿಟ್ಟುಕೊಂಡು ನಗಿ.

ಮಗಳಿಗೆ ಗೇಮ್ ಆಡೋ ಕಂಪ್ಯೂಟರ್ ಬೇಕು ಅನ್ನೋದು ನಿಮಗೆ ಗೊತ್ತೇ ಇದೆ. ಹೋದ ಸಲ ಫೋನಿನಲ್ಲಿ ನನಗೆ ಮಾತಾಡೋಕೂ ಬಿಡದೆ ಅದನ್ನೇ ಹೇಳ್ತಿದ್ದಳಲ್ಲ. ಸಿದ್ಧವಾಗಿರೋದು ದುಬಾರಿ, ಒಂದೊಂದೇ ಭಾಗ ಆರಿಸಿ ತಂದು ತಾನೇ ಜೋಡಿಸಿದರೆ ಕೈಗೆಟುಕುತ್ತೆ ಅಂತ ಅವಳ ಹಟ. ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಾನೇ ಕೂಡಿಟ್ಟ ದುಡ್ಡು, ನಾನು ಬೇಡ ಅನ್ನಲಿಲ್ಲ. ಯಾವ ಭಾಗ ತಗೊಳ್ಳಬೇಕು ಅಂತ ಕೇಳೋಕೆ ಫೋನಿನಲ್ಲಿ ಗೇಮ್ ಆಡೋರ ಗುಂಪೊಂದಿದೆ. ಅಲ್ಲೊಬ್ಬ ಇದಾನೆ. ಹೆಸರು ‘ಹಳೇ ಸ್ಕ್ರೂ’ ಅಂತೆ! ಹೆತ್ತವರು ಇಟ್ಟ ಹೆಸರು ಹೇಳೋಕೆ ಹೆದರೋನು ಎಂಥವನಿರಬಹುದು, ನೀವೇ ಹೇಳಿ.

ಇವಳು ಕೇಳೋದೇ ತಡ, ಅವನ ಉತ್ತರ ಹಾಜರ್. ಬೆಳಗ್ಗೆ ಕೇಳಲಿ, ಮಧ್ಯಾಹ್ನ ಕೇಳಲಿ. ಕೆಲಸ ಬೊಗಸೆ ಇಲ್ಲದ ಸೋಮಾರಿಯೇ ಇರಬೇಕು. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ತಲೆ ಅಂತೆ, ಅದು ಹೋದ ವರ್ಷದ್ದಾದರೂ ನಡೆಯುತ್ತೆ ಅಂದನಂತೆ. ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕು, ಚಿತ್ರ ಓಡಿಸೋದು ಅದು. ರ್‍ಯಾಮ್ ಒಂದು ದೊಡ್ಡದು ಬೇಡ, ಜೋಡಿ ತಗೋ. ಆದರೆ ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, ಆ ಡಬ್ಬ ಕಳಪೆ ಆದರೆ ತಾನು ಸಾಯುವಾಗ ಉಳಿದವರನ್ನೂ ಕರಕೊಂಡೇ ಹೋಗುತ್ತೆ. ಹೀಗೆಲ್ಲ. ಇವಳು ಫೋನು ನೋಡ್ತಾ ಒಬ್ಬಳೇ ನಗ್ತಾಳೆ. ನಾನು ಹತ್ತಿರ ಹೋದರೆ ಫೋನು ಮಗುಚಿ ಇಡ್ತಾಳೆ.

ಅಂಗಡಿಯವರ ಕಡೆಯವನಿರಬೇಕು, ಕಮಿಷನ್ ಗಿರಾಕಿ ಅಂದುಕೊಂಡೆ. "ಯಾವ ಅಂಗಡಿಗೆ ಹೋಗು ಅಂತಾನೆ?" ಅಂತ ಕೇಳಿದೆ.

"ಯಾವುದಕ್ಕೂ ಹೋಗು ಅನ್ನಲ್ಲಮ್ಮ. ಮೂರು ನಾಲ್ಕು ಕಡೆ ವಿಚಾರಿಸು ಅಂತಾರೆ."

"ದುಡ್ಡು ಕೇಳಿದನಾ?"

"ಇಲ್ಲ."

"ಫೋಟೋ?"

"ಅಮ್ಮಾ!"

ದುಡ್ಡೂ ಬೇಡ, ಏನೂ ಬೇಡ, ಆದರೂ ಊರವರ ಮಗಳಿಗೆ ದಿನವಿಡೀ ಪಾಠ. ಅತಿ ವಿನಯ ಧೂರ್ತ ಲಕ್ಷಣ ಅಂತ ಸುಮ್ಮನೆ ಹೇಳಿಲ್ಲ ದೊಡ್ಡವರು. ನಿಜ ಹೇಳ್ತೀನಿ, ನನಗೆ ಭಯ ಆಗ್ತಿದೆ. ನೀವು ಅಷ್ಟು ದೂರ, ನಾನು ಬೆಳಗ್ಗೆ ಹೋದರೆ ಸಂಜೆ ಬರೋಳು. ಮನೆಯಲ್ಲಿ ಅವಳೊಬ್ಬಳು, ಕೈಯಲ್ಲಿ ಆ ಫೋನು, ಅದರೊಳಗೆ ಈ ಹಳೇ ಸ್ಕ್ರೂ. ನೀವು ಬಂದ ಮೇಲೆ ಕೂರಿಸಿ ಬುದ್ಧಿ ಹೇಳಬೇಕು. ನನ್ನ ಮಾತು ಅವಳಿಗೆ ಸವಕಲಾಗಿದೆ.

ಇನ್ನೊಂದು. ಕ್ಯಾಬಿನೆಟ್ಟಿನ, ಅಂದರೆ ಭಾಗಗಳನ್ನೆಲ್ಲ ಕೂರಿಸೋ ಪೆಟ್ಟಿಗೆಯ, ಫ್ಯಾನುಗಳಲ್ಲಿ ಕೆಂಪು, ನೀಲಿ ದೀಪ ಮಿಣುಕೋದು ಬೇಕಂತೆ ಅವಳಿಗೆ. ಅವನೂ "ಆಸೆ ಇದ್ದರೆ ಹಾಕಿಸಿಕೋ" ಅಂದಿದ್ದಾನೆ. ನನಗೆ ಈಚೆಗೆ ಮಿಣುಕೋ ದೀಪ ಕಂಡರೆ ಅರೆತಲೆನೋವು ಬರುತ್ತೆ, ಕಣ್ಣು ತೆರೆಯೋಕಾಗಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಫ್ಯಾಕ್ಟರಿಯಲ್ಲಿ ತಿಳಿದರೆ ಚೆಕಿಂಗಿನಿಂದ ತೆಗೀತಾರೆ, ಮಗಳಿಗೆ ತಿಳಿದರೆ ಪಾಪ ಆಸೆ ಬಿಡ್ತಾಳೆ. ನಿಮಗೊಬ್ಬರಿಗೇ ಹೇಳ್ತಿರೋದು, ಹೊಟ್ಟೆಯಲ್ಲಿ ಇಟ್ಟುಕೊಳ್ಳಿ.

ಆರೋಗ್ಯ ನೋಡಿಕೊಳ್ಳಿ. ಬಿಸಿನೀರು ಕುಡೀರಿ.

ಇಂತಿ ನಿಮ್ಮ
ಪತ್ತೇದಾರಿಣಿ


ಮಾರ್ಚ್ ೨

ರೀ,

ನಿಮ್ಮಿಂದ ಉತ್ತರ ಬರಲಿಲ್ಲ. ಕಂಪನಿ ಆಫೀಸಿನಿಂದ ಹಡಗಿಗೆ ಕಾಗದ ಹೋಗಬೇಕು, ಅಲ್ಲಿಂದ ಬರಬೇಕು, ಗೊತ್ತು. ಆದರೂ ಅಂಚೆಯವನ ಸೈಕಲ್ ಬೆಲ್ಲಿಗೆ ಕಿವಿ ನೆಟ್ಟಗಾಗುತ್ತೆ. ಇಲ್ಲಿ ಎಲ್ಲ ಕ್ಷೇಮ.

ಹೋದ ಭಾನುವಾರ ನಾನೂ ಅವಳೂ ಬಿಡಿಭಾಗದ ಅಂಗಡಿಗಳ ಬೀದಿಗೆ ಹೋಗಿದ್ವಿ. ಅಬ್ಬಬ್ಬಾ, ಏನು ಬೀದಿ ರೀ ಅದು! ಮಾರೋರೆಲ್ಲ ಹುಟ್ಟಿದಾಗಿನಿಂದ ನಮ್ಮನ್ನು ಬಲ್ಲವರ ಹಾಗೆ "ಬನ್ನಿ ಅಕ್ಕಾ, ಬನ್ನಿ ಅಕ್ಕಾ" ಅಂತಾರೆ. ಒಬ್ಬ ಗ್ರಾಫಿಕ್ಸ್ ಕಾರ್ಡು ತೋರಿಸಿದ. ಸೆಕೆಂಡ್ ಹ್ಯಾಂಡ್, ಆದರೆ ಹೊಸದರ ಹಾಗೇ ಇದೆ, ತನ್ನ ಸ್ವಂತ ತಂಗಿ ಸಿನಿಮಾ ನೋಡೋಕೆ ಮಾತ್ರ ಬಳಸಿದ್ದು ಅಂದ. ಕೈಗೆ ತಗೊಂಡೆ. ಫಳಫಳ ಹೊಳೀತಿತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಾನು ಅದನ್ನು ಕಾಲರ್ ತಿರುವಿದ ಹಾಗೆ ತಿರುವಿ, ಹಿಂದಿನ ಸ್ಕ್ರೂ ನೋಡಿದೆ. ನಾಲ್ಕಕ್ಕೂ ತಲೆ ಸವೆದಿತ್ತು.

"ನಿಮ್ಮ ತಂಗಿ ಸಿನಿಮಾ ನೋಡೋಕೆ ಸ್ಕ್ರೂ ಬಿಚ್ತಾರಾ?" ಅಂದೆ.

"ಅಕ್ಕಾ, ಅದು ಒಂಚೂರು ಕ್ಲೀನ್ ಮಾಡಿದ್ದು..."

ಮೂಗಿನ ಹತ್ತಿರ ಹಿಡಿದೆ. ಸುಟ್ಟ ವಾಸನೆ. ಫ್ಯಾನಿನ ರೆಕ್ಕೆ ಒರೆಸಿದ್ದ, ಆದರೆ ಬುಡದಲ್ಲಿ ಜಿಡ್ಡು ಹಾಗೇ ಇತ್ತು. ಹಗಲೂ ರಾತ್ರಿ ಬಿಡದೆ ದುಡಿಸಿದ ಕಾರ್ಡದು. "ನಿಮ್ಮ ತಂಗಿಗೇ ವಾಪಸ್ ಕೊಡಿ, ಪಾಪ ಸಿನಿಮಾ ನೋಡಿಕೊಳ್ಳಲಿ" ಅಂತ ಬಂದ್ವಿ. ಮಗಳು ಬೀದಿ ದಾಟೋವರೆಗೂ ಮುಖ ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕಳು, ಸೆರಗು ನನ್ನದು. ನೆಟ್ಟಗೆ ಬಿಲ್ಲು, ಗ್ಯಾರಂಟಿ ಕೊಡೋ ಒಂದು ಅಂಗಡಿಯಲ್ಲಿ ಎಲ್ಲ ಭಾಗವೂ ಸಿಕ್ಕಿತು. ಕಾರ್ಡು ಮಾತ್ರ ತರಿಸಿ ಕೊಡ್ತೀವಿ ಅಂದಿದ್ದಾರೆ.

ಹಳೇ ಸ್ಕ್ರೂ ವಿಷಯ ಬರೆದು ನಿಮ್ಮ ತಲೆ ಕೆಡಿಸಿದ್ದೆ, ಅದನ್ನು ಬಿಟ್ಟುಬಿಡಿ. ನನ್ನದೇ ತಪ್ಪು. ಒಳ್ಳೆಯ ಮನುಷ್ಯನೇ ಇರಬೇಕು. ಅಂಗಡಿಗೆ ಹೋಗೋ ಮುಂಚೆ ಇದ್ದಕ್ಕಿದ್ದ ಹಾಗೆ ಬಣ್ಣದ ದೀಪದ ಫ್ಯಾನು ಬೇಡವೇ ಬೇಡ, ಸಾದಾ ಫ್ಯಾನು ತಗೋ ಅಂದನಂತೆ. ಇವಳೂ ಮರುಮಾತಿಲ್ಲದೆ ಸಾದಾದ್ದೇ ತಂದಳು. ನನಗೂ ನಿರಾಳವಾಯಿತು.

ಜೋಡಿಸೋಕೂ ಶುರು ಮಾಡಿದ್ದಾಳೆ. ಒಂದು ತಮಾಷೆ ಕೇಳಿ. ಮದರ್‌ಬೋರ್ಡ್ ಮುಟ್ಟೋ ಮೊದಲು ಪ್ರತಿ ಸಲ ಎದ್ದು ಹೋಗಿ ನಲ್ಲಿ ಮುಟ್ಟಿ ಬರ್ತಾಳೆ. ಮೈಯಲ್ಲಿರೋ ಕರೆಂಟು ನಲ್ಲಿಯ ಮೂಲಕ ನೆಲಕ್ಕೆ ಇಳೀಬೇಕಂತೆ, ಇಲ್ಲದಿದ್ದರೆ ಬೆರಳು ತಗುಲಿದರೆ ಸಾಕು ಬೋರ್ಡು ಸತ್ತೇಹೋಗುತ್ತಂತೆ. ಅಡುಗೆಮನೆ ನಲ್ಲಿ ಎರಡೇ ಹೆಜ್ಜೆಗಿದೆ, ಇವಳು ಬಚ್ಚಲುಮನೆಯವರೆಗೂ ಹೋಗ್ತಾಳೆ. ಯಾಕೇ ಅಂದರೆ "ಹಳೇ ಸ್ಕ್ರೂ ಬಚ್ಚಲದ್ದೇ ಮುಟ್ಟು ಅಂದಿದ್ದಾರೆ" ಅಂತಾಳೆ. ನನ್ನ ಅಡುಗೆಮನೆ ನಲ್ಲಿ ಏನು ಪಾಪ ಮಾಡಿದೆಯೋ!

ನೀವು ಮಾಡಿಕೊಟ್ಟ ಮೇಜನ್ನು ಮೆಟ್ಟಿಲ ಕೆಳಗಿನಿಂದ ತೆಗೆಸಿ ಮುಂದಿನ ಕೋಣೆಯ ಕಿಟಕಿಗೆ ತಾಗಿಸಿ ಹಾಕಿಸಿದೆ. ಕಂಪ್ಯೂಟರ್ ಅಲ್ಲೇ ಇರಲಿ ಅಂತ. ಮಧ್ಯಾಹ್ನವಿಡೀ ಒಳ್ಳೆ ಬಿಸಿಲು ಬೀಳುತ್ತೆ, ಮಗಳಿಗೆ ಬೆಳಕಾಗುತ್ತೆ.

ಕಾಗದ ಬರೀರಿ. ಟೈಪ್ ಆದರೂ ಪರವಾಗಿಲ್ಲ.

ಇಂತಿ ನಿಮ್ಮವಳು


ಮಾರ್ಚ್ ೨೪

ರೀ,

ಬರೆಯೋದು ತಡವಾಯಿತು. ಈ ಸಲ ಅದಕ್ಕೆ ಕ್ಷಮೆ ಕೇಳಲ್ಲ. ಬರೆದು ಹರಿದೆ, ಮತ್ತೆ ಬರೆದು ಮತ್ತೆ ಹರಿದೆ.

ಮೇಜು ಎಲ್ಲಿಗೂ ಹೋಗಿಲ್ಲ. ಮೆಟ್ಟಿಲ ಕೆಳಗೇ ಇದೆ.

ಹೋದ ಕಾಗದದಲ್ಲಿ ಬೇಕಂತಲೇ ಸುಳ್ಳು ಬರೆದೆ. ಹಳೇ ಸ್ಕ್ರೂ ಒಳ್ಳೆಯವನು ಅಂದಿದ್ದೂ ಸುಳ್ಳೇ. ನಿಜವಾಗಿ ನಡೆದದ್ದು ಹೀಗೆ. ದೀಪದ ಫ್ಯಾನು ಬೇಡ ಅಂದನಲ್ಲ, ಅವನು ಹೇಳಿದ್ದನ್ನು ಮಗಳು ನನಗೆ ಓದಿ ಹೇಳಿದಳು: "ಮಿಣುಕೋ ದೀಪ ಬೇಡ, ಮನೆಯಲ್ಲಿ ಯಾರಿಗಾದರೂ ಅರೆತಲೆನೋವಿದ್ದರೆ ಕಷ್ಟ." ಕೈಯಲ್ಲಿದ್ದ ಲೋಟ ಹಾಗೇ ಕೆಳಗಿಟ್ಟೆ. ನನ್ನ ತಲೆನೋವು ನನಗೆ ಗೊತ್ತು, ನಿಮಗೆ ಬರೆದ ಕಾಗದಕ್ಕೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ. ಅಂದರೆ ಯಾರೋ ನನ್ನ ಕಾಗದ ಒಡೆದು ಓದ್ತಿದಾರೆ!

ನನ್ನ ಅನುಮಾನ ನೆಟ್ಟಗೆ ನಿಮ್ಮ ಕಂಪನಿ ಆಫೀಸಿನ ಗುಮಾಸ್ತನ ಮೇಲೆ ಹೋಯಿತು. ಹಡಗಿನವರ ಮನೆ ಕಾಗದಗಳೆಲ್ಲ ಅವನ ಕೈ ದಾಟಿಯೇ ಹೋಗೋದು. ಗಂಡ ದೂರ ಇರೋ ಮನೆ, ವಯಸ್ಸಿಗೆ ಬಂದ ಹುಡುಗಿ, ಎಲ್ಲ ಓದಿಕೊಂಡು ಹಳೇ ಸ್ಕ್ರೂ ಅಂತ ಹೆಸರಿಟ್ಟುಕೊಂಡು ಒಳಗೆ ನುಗ್ತಿದಾನೆ ಅಂದುಕೊಂಡೆ. ನಿದ್ದೆ ಬರಲಿಲ್ಲ ರೀ. ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದೆ. ಅವನನ್ನು ಹಿಡೀಬೇಕು ಅಂತಲೇ ಕಿಟಕಿ, ಬಿಸಿಲು ಅಂತ ಬರೆದು, ನಗುನಗ್ತಾ ಅಂಟಿಸಿ ಕಳಿಸಿದೆ.

ಒಂದು ವಾರ ಮೈಯೆಲ್ಲಾ ಕಣ್ಣಾಗಿ ಕಾದೆ. ಆಮೇಲೊಂದು ಸಂಜೆ ಮಗಳು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅಮ್ಮಾ, ಬಿಸಿಲು ಬೀಳೋ ಕಿಟಕಿ ಹತ್ತಿರ ಯಾಕೆ ಇಟ್ಟೆ, ಕ್ಯಾಬಿನೆಟ್ ಬೆಂದುಹೋಗುತ್ತೆ, ಮೆಟ್ಟಿಲ ಕೆಳಗೇ ತಣ್ಣಗಿತ್ತು ಅಂತಿದಾರೆ. ನಾವು ಯಾವಾಗ ಮೇಜು..." ಅಂದಳು. ಅಂದೋಳು ಅಲ್ಲಿಗೇ ಬಾಯಿ ಮುಚ್ಚಿದಳು. ಫೋನನ್ನು ಬೆನ್ನ ಹಿಂದೆ ಮಾಡಿಕೊಂಡಳು. ಗುಮಾಸ್ತ ಸಿಕ್ಕಿಬಿದ್ದ, ಅಂದುಕೊಂಡೆ ನಾನು.

ಮಾರನೇ ದಿನ ಊಟದ ಹೊತ್ತಿನಲ್ಲಿ ಫ್ಯಾಕ್ಟರಿಯ ಗೇಟಿನ ಹೊರಗೆ ನಿಂತು ಕಂಪನಿ ಆಫೀಸಿಗೆ ಫೋನ್ ಮಾಡಿದೆ. ಗುಮಾಸ್ತನೇ ಎತ್ತಿದ. ನಾನು ಯಾರು ಅಂತ ಹೇಳಿ, ಬಾಯಿಗೆ ಬಂದ ಹಾಗೆ ಬೈದೆ. ನನ್ನ ಕಾಗದ ಒಡೆಯೋಕೆ ನೀನು ಯಾರು, ಪೊಲೀಸಿಗೆ ಕೊಡ್ತೀನಿ, ಅದೂ ಇದೂ. ಆಸಾಮಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ:

"ನಾನ್ಯಾಕಮ್ಮ ನಿಮ್ಮ ಕಾಗದ ಒಡೀಲಿ? ಅವರೇ ಬಂದು ತಗೊಂಡು ಹೋಗ್ತಾರಲ್ಲ."

"ಯಾರು?"

"ನಿಮ್ಮ ಯಜಮಾನರು. ಇಲ್ಲೇ ಗೋದಾಮಿನ ಗೇಟಿನಲ್ಲಿ ತಾನೆ ಅವರು ಕೂರೋದು? ಹಡಗು ಇಳಿದು ವರ್ಷವಾಗ್ತಾ ಬಂತು. ನಿಮಗೆ ಗೊತ್ತಿಲ್ವಾ?"

ನಾನು ಏನಂದೆ ಗೊತ್ತಾ? "ಗೊತ್ತು, ಗೊತ್ತು" ಅಂದೆ. ಪರರ ಮುಂದೆ ನಿಮ್ಮ ಮಾನ ಹೋಗಬಾರದಲ್ಲ. ಅವನಿಗೂ ಪಾಪ ಮುಜುಗರವಾಯಿತೇನೋ, ದನಿ ತಗ್ಗಿಸಿ, "ಕೈ ನಡುಕ ಈಗ ಹೇಗಿದೆಯಮ್ಮ, ಮನೆಗೆ ಬಂದಾಗ ಡಾಕ್ಟರಿಗೆ ತೋರಿಸಿದ್ರಾ?" ಅಂದ. "ಪರವಾಗಿಲ್ಲ, ಎಷ್ಟೋ ಕಡಿಮೆ" ಅಂದೆ. ಫೋನಿಟ್ಟು ಆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತೆ. ಗಂಟೆ ಹೊಡೆದರೂ ಅಲ್ಲೇ ಕೂತಿದ್ದೆ.

ವರ್ಷದಿಂದ ನೀವು ನೆಲದ ಮೇಲಿದ್ದೀರಿ ಅಂತ ಕೇಳಿದಾಗಲೂ ನನಗೆ ಕೆಟ್ಟ ಯೋಚನೆ ಬರಲಿಲ್ಲ. ಬೇರೆ ಯಾರ ಗಂಡನಾದರೂ ಆಗಿದ್ದರೆ ನಾನೇ ನೂರು ಕಥೆ ಕಟ್ಟಿರ್ತಿದ್ದೆ. ನಿಮಗೇನೋ ಆಗಿದೆ ಅಂತಷ್ಟೇ ಅನ್ನಿಸಿತು.

ಆಮೇಲೆ ಒಂದೊಂದೇ ಬಿಚ್ಚಿಕೊಂಡಿತು. ಅಡುಗೆಮನೆ ನಲ್ಲಿ! ಮೇಲೆ ನೋಡೋಕೆ ಲೋಹದ್ದೇ, ಕೆಳಗಿನ ಪೈಪು ಪ್ಲಾಸ್ಟಿಕ್ಕು. ಹೋದ ರಜೆಯಲ್ಲಿ ಬಂದಾಗ ಬುಡದಲ್ಲಿ ಬಗ್ಗಿ ಕೂತು ಅದನ್ನು ಬದಲಾಯಿಸಿದೋರು ನೀವು. ಕರೆಂಟು ನೆಲಕ್ಕಿಳಿಯೋ ಕಬ್ಬಿಣದ ಪೈಪು ಇರೋದು ಬಚ್ಚಲಿನಲ್ಲಿ ಮಾತ್ರ ಅಂತ ಆ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು? ಹಡಗಿನ ಎಲೆಕ್ಟ್ರಿಷಿಯನ್ನಾದ ನೀವು ಮನೆಗೆ ಬಂದರೂ ರೇಡಿಯೋ ಬಿಚ್ಚೋ ಮುಂಚೆ ನಲ್ಲಿ ಮುಟ್ಟಿ ಬರ್ತಿದ್ದುದನ್ನ ನಾನೇ ಎಷ್ಟು ಸಲ ಆಡಿಕೊಂಡಿಲ್ಲ? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದರಂತೆ, ಹಾಗಾಯಿತು ನನ್ನ ಪತ್ತೇದಾರಿಕೆ. ಕಾಗದ ಟೈಪಾಗಿ ಬರ್ತಿದ್ದುದೂ ಪ್ರಿಂಟರಿಗಲ್ಲ, ಪೆನ್ನು ಹಿಡಿಯೋಕಾಗದ್ದಕ್ಕೆ. ಕಾಲರಿನಲ್ಲಿ ಒಂದು ಎಳೆ ಬಿಟ್ಟರೆ ಹಿಡಿಯೋ ನನ್ನ ಕಣ್ಣು ಅದನ್ನು ಹಿಡಿಯಲಿಲ್ಲ.

ಸಿಟ್ಟು ಬಂದಿದೆ. ಸುಳ್ಳು ಹೇಳಲ್ಲ, ತುಂಬಾ ಬಂದಿದೆ. ಪಾತ್ರೆ ಎತ್ತಿ ಕುಕ್ಕಿದೆ, ಬಾಗಿಲು ಧಡಾರನೆ ಹಾಕಿದೆ. ಗೇಟಿನ ಹತ್ತಿರ ಒಂಟಿಯಾಗಿ ಕೂತು, ಹೋಟೆಲಿನಲ್ಲಿ ತಿಂದು, ಮನೆಗೆ ಮಾತ್ರ ಸಮುದ್ರದ ಅಲೆ, ಗಾಳಿ ಅಂತ ಬರೀತಿದ್ರಲ್ಲ! ನಡುಗೋ ಕೈಗೆ ಈ ಮನೆಯಲ್ಲಿ ಜಾಗ ಇಲ್ಲ ಅಂತ ಯಾರು ಹೇಳಿದರು ನಿಮಗೆ? ಲೋಟ ತುಂಬ ಕುಡಿಯೋಕಾಗದಿದ್ದರೆ ಅರ್ಧ ಲೋಟ ಕೊಡ್ತಿದ್ದೆ.

ಕಂಪ್ಯೂಟರ್ ಸುದ್ದಿ. ಗ್ರಾಫಿಕ್ಸ್ ಕಾರ್ಡು ಬಂತು. ಮಗಳು ಎಲ್ಲ ಜೋಡಿಸಿದ್ದಾಳೆ, ಕಾರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯೋ ಒಂದು ಸ್ಕ್ರೂ ಬಾಕಿ. ಅದನ್ನು ಹಾಕಬೇಡ ಅಂದಿದ್ದೀನಿ. ಹಳೇ ಸ್ಕ್ರೂ ಬಂದು ಹಾಕಲಿ. ಕೈ ನಡುಗಿದರೆ ನಡುಗಲಿ, ನಾನು ಟಾರ್ಚು ಹಿಡೀತೀನಿ, ಅವಳು ಸ್ಕ್ರೂಡ್ರೈವರಿಗೆ ಕೈ ಆಸರೆ ಕೊಡ್ತಾಳೆ. ಅಲ್ಲಿಯವರೆಗೆ ಅದು ಮೆಟ್ಟಿಲ ಕೆಳಗೆ ಬಟ್ಟೆ ಹೊದ್ದುಕೊಂಡು ಕೂತಿರುತ್ತೆ. ಈ ವಾರವೇ ಹೊರಡಿ. ಹೊಸ ಚಿಲಕ ಸಂಜೆಯೇ ಹಾಕಿಬಿಡ್ತೀನಿ, ಬಂದವರು ಬಾಗಿಲು ತಟ್ಟಿ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿಮ್ಮ ಮಗಳ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ. ಮೊನ್ನೆ ಮಗಳನ್ನು ಎದುರು ಕೂರಿಸಿಕೊಂಡು ಕೇಳಿದೆ. ನಲ್ಲಿ ವಿಷಯ ಬಂದಾಗಲೇ ಅವಳಿಗೆ ಗೊತ್ತಾಗಿ "ಅಪ್ಪಾ, ನೀವಾ?" ಅಂತ ಕೇಳಿದಳಂತೆ. ನೀವು ಹೌದು ಅಂದಿರಂತೆ. "ಅಮ್ಮನಿಗೆ ಹೇಳಬೇಡ, ಅವಳಿಗೆ ಎಲ್ಲದರಲ್ಲೂ ಅನುಮಾನ. ಕೈ ನಡುಗಿ ಕೆಲಸ ಹೋಯಿತು ಅಂದರೆ ನಂಬಲ್ಲ, ಕುಡಿದು ಕಳಕೊಂಡೆ ಅಂತಾಳೆ" ಅಂದಿರಂತೆ. ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಹಾಲಿನವನು, ಅಂಗಡಿಯವನು, ಗುಮಾಸ್ತ, ಹಳೇ ಸ್ಕ್ರೂ, ಕೊನೆಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಯಾರನ್ನೂ ಬಿಡದೆ ಅನುಮಾನ ಪಟ್ಟಿದ್ದೀನಿ ರೀ, ಒಪ್ಪಿಕೊಳ್ತೀನಿ. ಮದುವೆಯಾದ ದಿನದಿಂದ ಇವತ್ತಿನವರೆಗೂ ಅನುಮಾನ ಪಡದೆ ಇದ್ದದ್ದು ನಿಮ್ಮೊಬ್ಬರ ಮೇಲೆ. ಅದು ನಿಮಗೆ ಗೊತ್ತೇ ಇರಲಿಲ್ಲವಾ?